ಅಟ್ಟಿ ಇಟ್ಟವರ ಕೈ

(ವಿಶ್ವ ಛಾಯಾಗ್ರಹಣ ದಿನದಂದು ಮಡಿಕೇರಿಯಲ್ಲಿ ಆಡಿದ ಮಾತಿನ ಬರಹ ರೂಪ. ಅಲ್ಲಿ ಪರದೆಯ ಮೇಲೆ ತೋರಿಸಿದ ಚಿತ್ರಗಳನ್ನು ಇಲ್ಲಿ ಮಾತಿನಲ್ಲೇ ಹೇಳಿದ್ದೇನೆ.)

ಎಲ್ಲರಿಗೂ ನಮಸ್ಕಾರ.

ಮಳೆ ಜೋರಿದೆ ಅಂತ ಇವತ್ತು ಮನೆಯಿಂದ ಬೇಗ ಹೊರಟೆ. ಅರ್ಧ ಗಂಟೆ ಮೊದಲೇ ಇಲ್ಲಿಗೆ ತಲುಪಿದೆ. ಹಾಲ್ ಖಾಲಿ ಇತ್ತು. ಒಬ್ಬರೇ ಒಬ್ಬರು ಕುರ್ಚಿ ಹಾಕುತ್ತಿದ್ದರು. ಅಗೋ, ಆ ಮೂಲೆಯಲ್ಲಿ ಕೆಂಪು ಪ್ಲಾಸ್ಟಿಕ್ ಕುರ್ಚಿಗಳು ಒಂದರೊಳಗೊಂದು ಕೂತು ನನ್ನ ಎತ್ತರಕ್ಕೆ ನಿಂತಿದ್ದವು. ಹಾಗೆ ಪೇರಿಸಿದ ಕುರ್ಚಿಗಳು ಒಂದನ್ನೊಂದು ಬಿಗಿಯಾಗಿ ಹಿಡಿದುಕೊಂಡಿರುತ್ತವೆ. ಸುಮ್ನೆ ಎಳೆದರೆ ಎರಡು ಮೂರು ಒಟ್ಟಿಗೇ ಬರುತ್ತವೆ. ಅವರು ಕೆಳಗಿನ ಕುರ್ಚಿಯ ಕಾಲನ್ನು ತಮ್ಮ ಪಾದದಿಂದ ಒತ್ತಿ ಹಿಡಿದು, ಮೇಲಿನದನ್ನು ಸ್ವಲ್ಪ ತಿರುಚಿ ಎತ್ತುತ್ತಿದ್ದರು. ಪ್ರತಿ ಸಲವೂ ಅದೇ ತಿರುಚು. ನಾನು ಕೇಳಿ ಮೂರು ಫೋಟೋ ತೆಗೆದೆ. ಈಗ ಪರದೆಯ ಮೇಲಿರುವುದು ಅದರಲ್ಲಿ ಒಂದು. ಆ ಅಟ್ಟಿ ಈಗ ಇಲ್ಲ. ನೀವೆಲ್ಲ ಅದರ ಮೇಲೆ ಕೂತಿದ್ದೀರಿ.

ನನ್ನ ಕೆಲಸ ಏನು ಅಂತ ಕೇಳಿದರೆ ನಾನು ತೋರಿಸುವುದು ಇಂಥ ಚಿತ್ರಗಳನ್ನೇ. ಪೇರಿಸಿಟ್ಟ ವಸ್ತುಗಳು. ಗೋದಾಮಿನಲ್ಲಿ ಕಾಫಿ ಚೀಲ, ಮನೆ ಹಿಂದೆ ಸೌದೆ, ಕೊಟ್ಟಿಗೆ ಪಕ್ಕ ಹಳೇ ಹಂಚು, ಟಿಂಬರ್ ಡಿಪೋದಲ್ಲಿ ಮರದ ದಿಮ್ಮಿ, ಅಂಗಡಿ ಮುಂದೆ ಮೊಟ್ಟೆ ಟ್ರೇ, ಗ್ಯಾಸ್ ಸಿಲಿಂಡರ್, ನೀಲಿ ಡ್ರಮ್ಮು, ಸಿಮೆಂಟ್ ಇಟ್ಟಿಗೆ. ಕೊಡಗಿನ ಫೋಟೋ ಅಂದರೆ ಮಂಜು, ಜಲಪಾತ, ರಾಜಾಸೀಟಿನ ಸೂರ್ಯಾಸ್ತ ಅಂತ ಜನ ಎಣಿಸುತ್ತಾರೆ. ಅವೆಲ್ಲ ಚೆಂದವೇ. ಆದರೆ ಇಲ್ಲಿ ಬದುಕುವವರು ಬೆಳಗಾದರೆ ನೋಡುವುದು ಮಂಜನ್ನಲ್ಲ. ಸೌದೆ ಎಷ್ಟು ಉಳಿದಿದೆ ಅಂತ ನೋಡುತ್ತಾರೆ. ಚೀಲ ನೆನೆದಿದೆಯಾ ಅಂತ ನೋಡುತ್ತಾರೆ. ನನಗೆ ಆ ನೋಟ ಬೇಕು.

ಮೊದಲು ನಮ್ಮ ಮಾತನ್ನೇ ಸ್ವಲ್ಪ ನೋಡೋಣ. ಕನ್ನಡದಲ್ಲಿ ಇದಕ್ಕೆ ಎಷ್ಟು ಪದ ಇದೆ ನೋಡಿ. ಸುಮ್ನೆ ಸುರಿದರೆ ರಾಶಿ, ಗುಡ್ಡೆ. ಕಸ ಸುರಿದರೆ ತಿಪ್ಪೆ. ಹುಲ್ಲನ್ನು ಜೋಡಿಸಿ ಕಟ್ಟಿದರೆ ಬಣವೆ. ಸೌದೆಯಾದರೆ ಒಟ್ಟಿಲು. ಮಡಕೆ ಮೇಲೆ ಮಡಕೆ ಇಟ್ಟರೆ ಅಡಕಲು. ಕಾಗದವಾದರೆ ಕಂತೆ. ಚೀಲ, ಹಲಗೆ, ಇಟ್ಟಿಗೆಗೆ ಅಟ್ಟಿ. ಈ ಪದಗಳನ್ನು ಮಾಡಿದವರು ದಿನಾ ಪೇರಿಸುತ್ತಿದ್ದ ಜನ. ಅದಕ್ಕೇ ಅವರಿಗೆ ರಾಶಿ ಬೇರೆ, ಅಟ್ಟಿ ಬೇರೆ. ರಾಶಿ ತಾನಾಗಿ ಬೀಳುತ್ತದೆ. ಅಟ್ಟಿಯನ್ನು ಯಾರೋ ಇಟ್ಟಿರುತ್ತಾರೆ. ಒಂದೊಂದನ್ನೂ ಕೈಯಲ್ಲಿ ಹಿಡಿದು, ಇದು ಇಲ್ಲಿ ಕೂರುತ್ತದೆ, ಇದು ಕೂರುವುದಿಲ್ಲ ಅಂತ ನೋಡಿ ಇಟ್ಟಿರುತ್ತಾರೆ. ಆ ಕೈಯನ್ನು ಫೋಟೋದಲ್ಲಿ ಕಾಣಿಸುವುದು ಹೇಗೆ ಅನ್ನುವುದೇ ನನಗೆ ಇಷ್ಟು ವರ್ಷ ಹಿಡಿದ ಗುಂಗು. ಇವತ್ತು ಹೇಳುವುದೂ ಅದನ್ನೇ.

ಇವತ್ತಿನ ದಿನದ ವಿಷಯವನ್ನೂ ಹೇಳಬೇಕಲ್ವಾ. 1839ರ ಆಗಸ್ಟ್ 19ರಂದು ಪ್ಯಾರಿಸ್ಸಿನಲ್ಲಿ ಫ್ರಾನ್ಸಿನ ಲೂಯಿ ಡಾಗೆರ್ ಅವರ ಫೋಟೋ ವಿಧಾನವನ್ನು ಎಲ್ಲರಿಗೂ ಬಿಚ್ಚಿ ಹೇಳಿದರು. ಅದೇ ಕಾಲಕ್ಕೆ ಇಂಗ್ಲೆಂಡಿನಲ್ಲಿ ವಿಲಿಯಂ ಹೆನ್ರಿ ಫಾಕ್ಸ್ ಟಾಲ್ಬಟ್ ಕಾಗದದ ಮೇಲೆ ಫೋಟೋ ಮೂಡಿಸುವ ಬೇರೆ ದಾರಿ ಹಿಡಿದಿದ್ದರು. ಅವರು 1844ರಿಂದ 1846ರ ತನಕ ಕಂತುಗಳಲ್ಲಿ ಒಂದು ಪುಸ್ತಕ ತಂದರು. ಅದರಲ್ಲಿ ಅಚ್ಚಿನ ಚಿತ್ರ ಇರಲಿಲ್ಲ, ನಿಜವಾದ ಫೋಟೋಗಳನ್ನೇ ಅಂಟಿಸಿದ್ದರು. ಒಟ್ಟು 24 ಚಿತ್ರ. ಅದರಲ್ಲಿ ಒಂದು ಹುಲ್ಲಿನ ಬಣವೆ! ಪಕ್ಕದಲ್ಲಿ ಒಂದು ಏಣಿ ಒರಗಿಸಿದೆ. ಏಣಿಯ ನೆರಳು ಬಣವೆಯ ಮೇಲೆ ಬಿದ್ದಿದೆ. ಅಷ್ಟೇ ಚಿತ್ರ.

ಇನ್ನೊಂದರಲ್ಲಿ ಕಪಾಟಿನ ಅರೆಗಳ ಮೇಲೆ ಸಾಲಾಗಿ ಜೋಡಿಸಿದ ಪಿಂಗಾಣಿ ಕಪ್ಪು, ಬಟ್ಟಲು, ಟೀ ಪಾತ್ರೆ. ಟಾಲ್ಬಟ್ ಅದಕ್ಕೆ ಬರೆದ ಟಿಪ್ಪಣಿ ನನಗೆ ಬಹಳ ಇಷ್ಟ. ಇಷ್ಟೆಲ್ಲ ಸಾಮಾನನ್ನು ಪಟ್ಟಿ ಮಾಡಿ ಬರೆಯಲು ಹೊತ್ತು ಬೇಕು, ಕ್ಯಾಮೆರಾ ಎಲ್ಲವನ್ನೂ ಒಂದೇ ಸಲಕ್ಕೆ ಬರೆದುಕೊಳ್ಳುತ್ತದೆ ಅನ್ನುತ್ತಾರೆ. ಕಳ್ಳ ಕದ್ದರೆ ಈ ಚಿತ್ರವನ್ನೇ ಕೋರ್ಟಿನಲ್ಲಿ ಸಾಕ್ಷಿಯಾಗಿ ಇಡಬಹುದೇನೋ ಅಂತಲೂ ಯೋಚಿಸುತ್ತಾರೆ. ಬಣವೆಯ ಚಿತ್ರದ ಬಗ್ಗೆ ಅವರು ಹೇಳುವುದು ಇನ್ನೂ ಮುಖ್ಯ. ಯಾವ ಚಿತ್ರಕಾರನೂ ಕೂತು ಬರೆಯುವ ಗೋಜಿಗೆ ಹೋಗದ ಸಣ್ಣ ಸಣ್ಣ ವಿವರಗಳನ್ನು ಫೋಟೋ ಬಿಡದೆ ಹಿಡಿಯುತ್ತದೆ ಅನ್ನುತ್ತಾರೆ.

ಯೋಚನೆ ಮಾಡಿ. ಹೊಸ ವಿದ್ಯೆ ಕೈಗೆ ಬಂದಿದೆ. ಜಗತ್ತಿನಲ್ಲಿ ಏನನ್ನು ಬೇಕಾದರೂ ತೋರಿಸಬಹುದು. ಆ ಮನುಷ್ಯ ಹೋಗಿ ಬಣವೆ ತೋರಿಸಿದರು, ಅರೆ ತುಂಬಾ ಕಪ್ಪು ಬಸಿ ತೋರಿಸಿದರು. ಹುತ್ತರಿ ಸುಗ್ಗಿ ಹಬ್ಬ ಕಳೆದ ಮೇಲೆ ನಾಪೋಕ್ಲು ಕಡೆ ಗದ್ದೆ ಬದಿಯಲ್ಲಿ ಬಣವೆ ಎದ್ದು ನಿಂತಾಗ ನನಗೆ ಪ್ರತಿ ವರ್ಷ ಆ ಏಣಿ ನೆನಪಾಗುತ್ತದೆ.

ಈಗ ನಮ್ಮ ಚೀಲದ ವಿಷಯಕ್ಕೆ ಬರುತ್ತೇನೆ. ದೇಶದ ಕಾಫಿಯಲ್ಲಿ ಹತ್ತಿರ ಹತ್ತಿರ ಮೂರರಲ್ಲಿ ಒಂದು ಪಾಲು ನಮ್ಮ ಜಿಲ್ಲೆಯದು. ಅಷ್ಟೂ ಕಾಫಿ ಎಲ್ಲೋ ಒಂದು ಕಡೆ ಚೀಲವಾಗಿ ಅಟ್ಟಿಯಲ್ಲಿ ಕೂತೇ ಮುಂದೆ ಹೋಗಬೇಕು. ಹಾಗಿದ್ದೂ ಕಾಫಿಯ ಫೋಟೋ ಅಂದರೆ ಕೆಂಪು ಹಣ್ಣು, ಬಿಳಿ ಹೂ. ಚೀಲದ ಫೋಟೋ ಕಾಣುವುದು ಅಪರೂಪ.

ನಾನು ಮೊದಲ ಸಲ ಒಂದು ಗೋದಾಮಿಗೆ ಹೋದದ್ದು ಕುಶಾಲನಗರದ ಕಡೆ. ಕೈಯಲ್ಲಿ ಹತ್ತಿರದಿಂದಲೇ ಹೆಚ್ಚು ಜಾಗ ಹಿಡಿಯುವ ಅಗಲ ಲೆನ್ಸ್ ಇತ್ತು. ಅಟ್ಟಿಯ ಬುಡದಲ್ಲಿ ನಿಂತು, ಕ್ಯಾಮೆರಾ ಮೇಲಕ್ಕೆತ್ತಿ ತೆಗೆದೆ. ಭರ್ಜರಿಯಾಗಿ ಬಂತು ಅಂದುಕೊಂಡೆ. ಅಲ್ಲಿ ಲೋಡಿಂಗ್ ಮಾಡುವ ಹಿರಿಯರೊಬ್ಬರಿದ್ದರು. ಪಿರಿಯಾಪಟ್ಟಣ ಕಡೆಯವರು. ಅವರಿಗೆ ಕ್ಯಾಮೆರಾದ ಹಿಂದಿನ ಪರದೆ ತೋರಿಸಿದೆ. ಅವರು ನೋಡಿದರು. ಅಟ್ಟಿ ನೋಡಿದರು. ಮತ್ತೆ ಪರದೆ ನೋಡಿದರು.

"ಅಕ್ಕಾ, ಅಟ್ಟಿ ವಾಲಿಲ್ಲ. ನಿಮ್ಮ ಫೋಟೋ ವಾಲೈತೆ" ಅಂದರು.

ನಿಜ. ಕೆಳಗೆ ನಿಂತು ಮೇಲಕ್ಕೆ ತೆಗೆದರೆ ನೆಟ್ಟಗಿರುವ ಗೆರೆಗಳೆಲ್ಲ ಮೇಲೆ ಹೋಗುತ್ತಾ ಒಳಕ್ಕೆ ಬಾಗುತ್ತವೆ. ಅಗಲ ಲೆನ್ಸಿನಲ್ಲಿ ಹತ್ತಿರ ನಿಂತರೆ ಇನ್ನೂ ಜಾಸ್ತಿ. ನನಗೆ ಅದು ಒಂದು ಸೊಗಸು ಅನ್ನಿಸಿತ್ತು. ಅವರಿಗೆ ಅದು ಸುಳ್ಳು. ಒಂದು ದಿನವಿಡೀ ಬೆನ್ನು ಬಗ್ಗಿಸಿ ನೆಟ್ಟಗೆ ನಿಲ್ಲಿಸಿದ್ದನ್ನು ನಾನು ಬೀಳುವ ಹಾಗೆ ತೋರಿಸಿದ್ದೆ. ನನಗೆ ತುಂಬಾ ಬೇಜಾರಾಯಿತು. ಕ್ಯಾಮೆರಾ ಚೀಲದೊಳಗೆ ಇಟ್ಟು, "ಇದನ್ನು ಹೇಗೆ ಇಡ್ತೀರಿ, ಹೇಳಿ" ಅಂತ ಕೇಳಿದೆ.

ಅವರು ಹೇಳಿದ್ದನ್ನು ಅವರ ಕ್ರಮದಲ್ಲೇ ಹೇಳುತ್ತೇನೆ. ಮೊದಲು ನೆಲದ ಮೇಲೆ ಮರದ ಹಲಗೆ. ಚೀಲ ನೇರ ನೆಲಕ್ಕೆ ತಾಗಬಾರದು. ತಾಗಿದರೆ ಶೀತ ಏರುತ್ತದೆ. ಗೋಡೆಗೂ ಒರಗಿಸಬಾರದು, ಒಬ್ಬ ಮನುಷ್ಯ ನುಸುಳುವಷ್ಟು ಜಾಗ ಬಿಡಬೇಕು. ಕೆಳಗಿನ ವರಸೆ ಉದ್ದಕ್ಕೆ, ಅದರ ಮೇಲಿನದು ಅಡ್ಡಕ್ಕೆ. ಸಂದಿನ ಮೇಲೆ ಸಂದು ಬರಬಾರದು, ಇಟ್ಟಿಗೆ ಗೋಡೆ ಕಟ್ಟಿದ ಹಾಗೆ. ಚೀಲದ ಬಾಯಿ ಯಾವಾಗಲೂ ಒಳಕ್ಕೆ. ಹೊಲಿಗೆ ಬಿಟ್ಟರೂ ಕಾಳು ಹೊರಗೆ ಸುರಿಯುವುದಿಲ್ಲ. ಚೀಲ ಎಸೆದ ಮೇಲೆ ಅಂಗೈಯಲ್ಲಿ ಎರಡು ಏಟು ಹೊಡೆಯಬೇಕು. ಉಬ್ಬಿದ ಹೊಟ್ಟೆ ಚಪ್ಪಟೆಯಾಗಿ, ಮೇಲಿನ ಚೀಲಕ್ಕೆ ಹಾಸಿಗೆ ಆಗುತ್ತದೆ.

ಅವರು ಹೇಳಿದ್ದರ ಹಿಂದೆ ದೊಡ್ಡ ಕಾರಣ ಇದೆ. ಕಣದಲ್ಲಿ ಕಾಫಿಯನ್ನು ಒಣಗಿಸುವಾಗ ಪಾರ್ಚ್‌ಮೆಂಟನ್ನು ಅಂದರೆ ಸಿಪ್ಪೆ ಸುಲಿದ ಕಾಳನ್ನು ಶೇಕಡಾ 10ರಷ್ಟು ತೇವಕ್ಕೆ ತರುತ್ತಾರೆ, ರೋಬಸ್ಟಾ ಚೆರಿಯನ್ನು, ಅಂದರೆ ಸಿಪ್ಪೆ ಸಮೇತ ಒಣಗಿಸುವ ರೋಬಸ್ಟಾ ಜಾತಿಯ ಹಣ್ಣನ್ನು, 11ಕ್ಕೆ. ಕೈಯಲ್ಲಿ ಹಿಡಿದು ಅಲ್ಲಾಡಿಸಿದರೆ ಒಳಗೆ ಕಾಳು ಗಲಗಲ ಅನ್ನಬೇಕು. ಇಷ್ಟು ಒಣಗಿಸಿದ್ದು ಜೂನ್ ಬಂದ ಕೂಡಲೇ ಗಾಳಿಯಿಂದಲೇ ನೀರು ಕುಡಿಯಲು ಶುರು ಮಾಡುತ್ತದೆ. ಮಡಿಕೇರಿಯಲ್ಲಿ ವರ್ಷಕ್ಕೆ 3000 ಮಿಲಿಮೀಟರಿಗಿಂತ ಜಾಸ್ತಿ ಮಳೆ. ನಮ್ಮ ಬೀರುವಿನ ಬಟ್ಟೆಗೇ ಬೂಷ್ಟು ಬರುತ್ತದೆ ಅಂದಮೇಲೆ ಗೋಣಿಚೀಲದ ಪಾಡು ಹೇಳಬೇಕಾ. ಹಲಗೆ, ಗೋಡೆಯಿಂದ ಬಿಟ್ಟ ಜಾಗ, ಎಲ್ಲವೂ ಗಾಳಿ ಆಡಲಿಕ್ಕೆ. ಅಟ್ಟಿಯ ಆಕಾರದಲ್ಲಿ ನಮ್ಮ ಮಳೆಗಾಲವೇ ಇದೆ.

ಇದನ್ನು ಕೇಳಿದ ಮೇಲೆ ನಾನು ತೆಗೆಯುವ ಚಿತ್ರ ಬದಲಾಯಿತು. ನೋಡಿ, ಇದು ಎರಡನೇ ಸಲ ಹೋದಾಗಿನದು. ಎದುರು ಗೋಡೆಗೆ ಬೆನ್ನು ಕೊಟ್ಟು ಎಷ್ಟು ಹಿಂದೆ ಹೋಗಲು ಆಗುತ್ತದೋ ಅಷ್ಟು ಹಿಂದೆ ನಿಂತೆ. ಅಟ್ಟಿಯ ಅರ್ಧ ಎತ್ತರಕ್ಕೆ ಕ್ಯಾಮೆರಾ ಬರಬೇಕು. ಅದಕ್ಕೆ ಒಂದು ಸ್ಟೂಲ್ ಹತ್ತಿದೆ. ಅಗಲ ಲೆನ್ಸ್ ಬಿಟ್ಟು 50 ಮಿಲಿಮೀಟರ್ ಲೆನ್ಸ್ ಹಾಕಿದೆ. ಕ್ಯಾಮೆರಾದ ಹಿಂಬದಿ ಅಟ್ಟಿಯ ಮುಖಕ್ಕೆ ಸರಿಸಮವಾಗಿ ನಿಲ್ಲುವ ಹಾಗೆ ಮುಕ್ಕಾಲಿ ನಿಲ್ಲಿಸಿದೆ. ಅಪರ್ಚರ್, ಅಂದರೆ ಲೆನ್ಸಿನೊಳಗಿನ ಬೆಳಕಿನ ಕಿಂಡಿ, ಎಫ್ 8. ಬಾಗಿಲಿಂದ ಒಂದೇ ಕಡೆಯ ಬೆಳಕು. ಆ ಅಡ್ಡ ಬೆಳಕಿನಲ್ಲಿ ಒಂದೊಂದು ಚೀಲದ ಉಬ್ಬೂ ಕಾಣುತ್ತದೆ, ಅಂಗೈ ಏಟಿನ ತಗ್ಗೂ ಕಾಣುತ್ತದೆ. ಎಡಗಡೆ ಮೂರನೇ ವರಸೆ ನೋಡಿ. ಚೀಲದ ಕಿವಿಗಳು, ಅಂದರೆ ಮೂಲೆಯ ತುದಿಗಳು, ಎಲ್ಲ ಒಂದೇ ಕಡೆಗೆ ಮಡಚಿವೆ. ಅದು ಬಲಗೈಯವರು ಇಟ್ಟದ್ದು. ಬಲ ತುದಿಯಲ್ಲಿ ಕಿವಿಗಳು ತಿರುಗಿವೆ. ಅಲ್ಲಿ ಇನ್ನೊಬ್ಬರು ನಿಂತಿದ್ದರು.

ಇದನ್ನು ಕಂಡ ದಿನ ನನಗೆ ನಿದ್ದೆ ಬರಲಿಲ್ಲ. ಖುಷಿಗೆ.

ಗೋಣಿಯ ವಿಷಯದಲ್ಲಿ ಒಂದು ಎಚ್ಚರ ಹೇಳಿಬಿಡುತ್ತೇನೆ. ಸೊಳ್ಳೆಪರದೆ ಎರಡು ಮಡಿಕೆಯಾದಾಗ ಅದರಲ್ಲಿ ಅಲೆ ಅಲೆಯಾಗಿ ಗೆರೆ ಕಾಣುತ್ತದಲ್ವಾ? ಗೋಣಿಯ ನೇಯ್ಗೆಯಲ್ಲೂ ಎಳೆಗಳು ಒಂದೇ ಅಂತರದಲ್ಲಿ, ಕ್ಯಾಮೆರಾದ ಸೆನ್ಸರಿನಲ್ಲೂ ಚುಕ್ಕಿಗಳು ಒಂದೇ ಅಂತರದಲ್ಲಿ. ಎರಡೂ ಒಂದರ ಮೇಲೊಂದು ಕೂತಾಗ ಫೋಟೋದಲ್ಲೂ ಅದೇ ಅಲೆ ಬರುತ್ತದೆ. ಇಲ್ಲದ ಬಣ್ಣವೂ ಬರುತ್ತದೆ. ಎರಡು ಹೆಜ್ಜೆ ಹಿಂದೆ ಮುಂದೆ ಆದರೆ ಸಾಕು, ಹೋಗುತ್ತದೆ. ಮನೆಗೆ ಬಂದು ಕಂಪ್ಯೂಟರಿನಲ್ಲಿ ಸರಿ ಮಾಡುವುದು ಬಹಳ ಕಷ್ಟ. ಅಲ್ಲೇ ಪರದೆಯಲ್ಲಿ ದೊಡ್ಡದು ಮಾಡಿ ನೋಡಿಕೊಳ್ಳಿ. ಹಾಗೆಯೇ ನೀಲಿ ಟಾರ್ಪಾಲಿನ ಕೆಳಗಿರುವ ವಸ್ತುಗಳು. ಟಾರ್ಪಾಲಿನಿಂದ ಇಳಿದ ಬೆಳಕು ಎಲ್ಲದಕ್ಕೂ ನೀಲಿ ಬಳಿಯುತ್ತದೆ. ಮಳೆಗಾಲದ ಕೊಡಗಿನಲ್ಲಿ ಅರ್ಧ ಅಟ್ಟಿಗಳು ನೀಲಿ ಟಾರ್ಪಾಲಿನ ಕೆಳಗೇ ಇರುತ್ತವೆ. ಒಂದು ಬಿಳಿ ಕಾಗದ ಅಲ್ಲೇ ಹಿಡಿದು ಅದನ್ನು ನೋಡಿ ಬಣ್ಣ ಹೊಂದಿಸಿಕೊಂಡರೆ ಸೌದೆ ಸೌದೆಯ ಬಣ್ಣಕ್ಕೆ ಬರುತ್ತದೆ.

ಅಟ್ಟಿ ಎಂಬುದು ಇದ್ದಲ್ಲೇ ಉಳಿಯುವುದಿಲ್ಲ. ಇದನ್ನು ಮರೆಯಬಾರದು. ಕ್ಯೂರಿಂಗ್ ಆದ ಮೇಲೆ, ಅಂದರೆ ಹೊಟ್ಟು ತೆಗೆದು ಕಾಳು ವಿಂಗಡಿಸಿದ ಮೇಲೆ, ಹೊರದೇಶಕ್ಕೆ ಹೋಗುವ ಚೀಲ 60 ಕಿಲೋದ್ದು. 20 ಅಡಿಯ ಒಂದು ಕಂಟೇನರಿಗೆ ಸುಮಾರು 320 ಚೀಲ. ಬೆಳಿಗ್ಗೆ ಕಂಟೇನರ್ ಬಂತು ಅಂದರೆ ಸಂಜೆಗೆ ಗೋದಾಮಿನ ಒಂದು ಪಾರ್ಶ್ವ ಬರಿದು. ಲಾರಿ ಮಂಗಳೂರು ಬಂದರಿನ ದಾರಿ ಹಿಡಿದಿರುತ್ತದೆ. ವಾರಗಟ್ಟಲೆ ನೋಡಿದ ಅಟ್ಟಿಯ ಜಾಗದಲ್ಲಿ ಬರೀ ಹಲಗೆ, ನಾಲ್ಕು ಕಾಳು, ಒಂದು ಪೊರಕೆ.

ಜರ್ಮನಿಯ ಬರ್ನ್ಡ್ ಮತ್ತು ಹಿಲ್ಲಾ ಬೆಷರ್ ದಂಪತಿಯ ಹೆಸರು ನಿಮ್ಮಲ್ಲಿ ಕೆಲವರು ಕೇಳಿರಬಹುದು. ಅವರು 1959ರಲ್ಲಿ ಜೊತೆಯಾಗಿ ಕೆಲಸ ಶುರು ಮಾಡಿದರು. ಬರ್ನ್ಡ್ ಅವರು ಮೊದಲು ಚಿತ್ರ ಬರೆಯುವವರು. ತಮ್ಮ ಊರ ಕಡೆಯ ಒಂದು ಹಳೇ ಕಬ್ಬಿಣದ ಗಣಿಯನ್ನು ಕೂತು ಬರೆಯುತ್ತಿದ್ದರು. ಇವರು ಬರೆಯುವುದಕ್ಕಿಂತ ವೇಗವಾಗಿ ಅದನ್ನು ಕೆಡವುತ್ತಿದ್ದರು. ಅದಕ್ಕೆ ಕ್ಯಾಮೆರಾ ಎತ್ತಿಕೊಂಡರು. ಆಮೇಲೆ ಇಬ್ಬರೂ ಸೇರಿ ದಶಕಗಳ ಕಾಲ ನೀರಿನ ಟ್ಯಾಂಕು, ಕುಲುಮೆ, ಗಣಿಯ ಗೋಪುರ, ಕಾಳಿನ ಕಣಜ, ಹೀಗೆ ದುಡಿಮೆಯ ಕಟ್ಟಡಗಳನ್ನೇ ತೆಗೆದರು. ಎಲ್ಲವನ್ನೂ ನೇರ ಎದುರಿನಿಂದ. ದೊಡ್ಡ ಫಿಲ್ಮಿನ ಕ್ಯಾಮೆರಾದಲ್ಲಿ. ಕಪ್ಪು ಬಿಳುಪಿನಲ್ಲಿ. ಆಮೇಲೆ ಒಂದೇ ಜಾತಿಯ ಒಂಬತ್ತೋ ಹನ್ನೆರಡೋ ಹದಿನೈದೋ ಚಿತ್ರಗಳನ್ನು ಚೌಕ ಚೌಕವಾಗಿ ಜೋಡಿಸಿ ಗೋಡೆಗೆ ಹಾಕಿದರು. ಅಂದರೆ ಫೋಟೋಗಳನ್ನೇ ಅಟ್ಟಿ ಇಟ್ಟರು. 1990ರ ವೆನಿಸ್ ಕಲಾ ಪ್ರದರ್ಶನದಲ್ಲಿ ಅವರಿಗೆ ದೊಡ್ಡ ಪ್ರಶಸ್ತಿ ಬಂತು. ಅದು ಫೋಟೋಗೆ ಬಂದದ್ದಲ್ಲ, ಶಿಲ್ಪಕ್ಕೆ ಬಂದದ್ದು!

ಅವರ ಕೆಲಸದಲ್ಲಿ ನಮಗೆ ತುಂಬಾ ಹತ್ತಿರದ ಸಂಗತಿ ಒಂದಿದೆ. ಅವರು ಬಿಸಿಲಿಗೆ ಕಾಯುತ್ತಿರಲಿಲ್ಲ, ಮೋಡಕ್ಕೆ ಕಾಯುತ್ತಿದ್ದರು. ನೆರಳು ಬೀಳಬಾರದು, ಆಕಾಶ ಬೂದಿ ಬಣ್ಣದಲ್ಲಿ ಸಮವಾಗಿರಬೇಕು. ಆಗ ವಸ್ತು ಮಾತ್ರ ಕಾಣುತ್ತದೆ. ಅಂಥ ಬೆಳಕಿಗಾಗಿ ಅವರು ಕಾಲ ನೋಡಿ, ಹೊತ್ತು ನೋಡಿ ಹೊರಡುತ್ತಿದ್ದರು. ನಮಗೆ ಜೂನ್‌ನಿಂದ ಸೆಪ್ಟೆಂಬರ್ ತನಕ ಆ ಬೆಳಕು ಮನೆ ಬಾಗಿಲಿಗೇ ಬಂದು ಕೂತಿರುತ್ತದೆ. ಮಳೆಗಾಲದಲ್ಲಿ ಫೋಟೋ ತೆಗೆಯಲು ಆಗುವುದಿಲ್ಲ ಅಂತ ಕ್ಯಾಮೆರಾವನ್ನು ಅಕ್ಕಿ ಡಬ್ಬದಲ್ಲಿಟ್ಟು ಮಲಗಿಸುವವರಿಗೆ ನಾನು ಇದನ್ನೇ ಹೇಳುವುದು. ಮಳೆ ಎರಡು ಗಂಟೆ ಬಿಟ್ಟ ಹೊತ್ತಿಗೆ ಹೊರಗೆ ಬನ್ನಿ. ಹಂಚು ನೋಡಿ. ನೆಂದ ಹಂಚಿನ ಕೆಂಪು ಬಿಸಿಲಲ್ಲಿ ಎಂದೂ ಕಾಣುವುದಿಲ್ಲ.

ಹಂಚಿನ ಚಿತ್ರಗಳು ಈಗ ಬರುತ್ತವೆ. ಇವು ಸೋಮವಾರಪೇಟೆ ಕಡೆಯ ಒಂದು ಹಳೇ ಮನೆಯವು. ಮನೆಗೆ ಶೀಟ್ ಹಾಕಿಸಿದರು. ಇಳಿಸಿದ ಹಂಚನ್ನು ಕೊಟ್ಟಿಗೆ ಗೋಡೆಗೆ ಸಾಲಾಗಿ ನಿಲ್ಲಿಸಿದರು. ಹಂಚನ್ನು ಮಲಗಿಸಿ ಪೇರಿಸಬಾರದು, ಭಾರಕ್ಕೆ ಕೆಳಗಿನವು ಒಡೆಯುತ್ತವೆ. ಅಂಚಿನ ಮೇಲೆ ನಿಲ್ಲಿಸಿ, ಒಂದಕ್ಕೊಂದು ಸ್ವಲ್ಪ ಒರಗಿಸಬೇಕು, ಪುಸ್ತಕ ಇಟ್ಟ ಹಾಗೆ. ಮಂಗಳೂರು ಹಂಚು ಅಂತ ನಾವು ಕರೆಯುವ ಇವು 1860ರ ದಶಕದಲ್ಲಿ ಬಾಸೆಲ್ ಮಿಷನ್ನಿನ ಕಾರ್ಖಾನೆಯಿಂದ ಶುರುವಾದವು. ಆಮೇಲೆ ನೇತ್ರಾವತಿ, ಗುರುಪುರ ಹೊಳೆಗಳ ದಡದ ಜೇಡಿಮಣ್ಣು ನಂಬಿ ಎಷ್ಟೋ ಕಾರ್ಖಾನೆಗಳು ಎದ್ದವು. ಒಂದೊಂದು ಹಂಚಿನ ಬೆನ್ನಿಗೂ ಕಾರ್ಖಾನೆಯ ಹೆಸರು ಒತ್ತಿರುತ್ತದೆ. ಘಟ್ಟ ಹತ್ತಿ ಇಲ್ಲಿಗೆ ಬಂದವು.

ನಾನು ಎರಡು ದಿನ ಅವುಗಳ ಮುಂದೆ ಕೂತಿದ್ದೆ. ಮೊದಲ ದಿನ ದೂರದಿಂದ. ನೂರಾರು ಅಂಚುಗಳು, ಒಂದೇ ಅಲೆ ಮತ್ತೆ ಮತ್ತೆ. ಎರಡನೇ ದಿನ ಒಂದೊಂದನ್ನೇ ಎತ್ತಿ ನೋಡಿದೆ. ಒಂದು ಹಂಚಿನ ಬೆನ್ನಿನಲ್ಲಿ, ಅಕ್ಷರಗಳ ಪಕ್ಕದಲ್ಲೇ, ನಾಲ್ಕು ತಗ್ಗು ಇದ್ದವು. ಸಾಲಾಗಿ ನಾಲ್ಕು. ನನ್ನ ಬೆರಳಿಟ್ಟು ನೋಡಿದೆ. ಹೆಚ್ಚು ಕಡಿಮೆ ಸರಿಯಾಗಿ ಕೂತವು, ಕಿರುಬೆರಳು ಮಾತ್ರ ಸ್ವಲ್ಪ ಸಡಿಲ. ಹಸಿ ಮಣ್ಣಿನ ಹಂಚನ್ನು ಅಚ್ಚಿನಿಂದ ಎತ್ತಿ ಒಣಗಲು ಇಡುವಾಗ ಯಾರೋ ಸ್ವಲ್ಪ ಗಟ್ಟಿಯಾಗಿ ಹಿಡಿದಿದ್ದಾರೆ. ಆಮೇಲೆ ಅದು ಭಟ್ಟಿಯಲ್ಲಿ ಬೆಂದು ಹಾಗೇ ನಿಂತಿದೆ. ಆ ಬೆರಳುಗಳ ಮೇಲೆ ಒಂದು ಸಂಸಾರ ಎಷ್ಟೋ ಮಳೆಗಾಲ ನೆನೆಯದೆ ಮಲಗಿದೆ. ಈ ಚಿತ್ರವನ್ನು ಬರೀ ಫೋನಿನಲ್ಲಿ ತೆಗೆದದ್ದು. ನಾನು ತೆಗೆದ ಎಲ್ಲ ಚಿತ್ರಗಳಲ್ಲಿ ಇದನ್ನೇ ಮೇಲೆ ಇಡುತ್ತೇನೆ.

ಪೈಪುಗಳ ಚಿತ್ರ ಬೇಗ ತೋರಿಸಿಬಿಡುತ್ತೇನೆ. ಫೆಬ್ರವರಿ ಮಾರ್ಚಿನಲ್ಲಿ ಹೂ ಅರಳಲಿ ಅಂತ ತೋಟಕ್ಕೆ ನೀರು ಹಾರಿಸುವ ಸ್ಪ್ರಿಂಕ್ಲರ್ ಪೈಪುಗಳು. ಕೆಲಸ ಮುಗಿದ ಮೇಲೆ ಶೆಡ್ಡಿನಲ್ಲಿ ಪೇರಿಸುತ್ತಾರೆ. ಎದುರಿನಿಂದ ನೋಡಿದರೆ ಬರೀ ವೃತ್ತಗಳು. ನೋಡಲು ಸೊಗಸು, ತೆಗೆಯುವುದೂ ಸುಲಭ. ಸುಲಭವಾಗಿ ಸೊಗಸಾಗುತ್ತದೆ ಅಂತಲೇ ನಾನು ಇವನ್ನು ಅಷ್ಟು ನಂಬುವುದಿಲ್ಲ. ಇದರಲ್ಲಿ ಒಂದು ಚಿತ್ರ ಮಾತ್ರ ಉಳಿಸಿಕೊಂಡಿದ್ದೇನೆ. ಒಂದು ಪೈಪಿನ ಬಾಯಿಯಲ್ಲಿ ಕಣಜದ ಹುಳು ಮಣ್ಣಿನ ಗೂಡು ಕಟ್ಟಿತ್ತು, ಅದಕ್ಕೆ.

ರಾಶಿಗಳನ್ನೂ ತೆಗೆದವರಿದ್ದಾರೆ. ಕೆನಡಾದ ಎಡ್ವರ್ಡ್ ಬರ್ಟಿನ್ಸ್ಕಿ 1999ರಲ್ಲಿ ಕ್ಯಾಲಿಫೋರ್ನಿಯಾದ ವೆಸ್ಟ್ಲಿ ಎಂಬಲ್ಲಿ ಹಳೇ ಟೈರುಗಳ ಗುಡ್ಡವನ್ನು ತೆಗೆದರು. ಲಕ್ಷಗಟ್ಟಲೆ ಟೈರು, ಎರಡು ಗುಡ್ಡಗಳ ನಡುವೆ ಕಣಿವೆಯ ಹಾಗೆ ದಾರಿ. ಅದೇ ವರ್ಷದ ಸೆಪ್ಟೆಂಬರಿನಲ್ಲಿ ಸಿಡಿಲು ಬಡಿದು ಅಲ್ಲಿನ ಟೈರುಗಳಿಗೆ ಬೆಂಕಿ ಬಿತ್ತು, ವಾರಗಟ್ಟಲೆ ಉರಿಯಿತು. ಅದು ದೊಡ್ಡ ಕೆಲಸ, ನೋಡಲೇಬೇಕಾದ ಚಿತ್ರ. ನಮ್ಮಲ್ಲೂ ಪ್ರವಾಸಿಗಳು ಬಿಟ್ಟು ಹೋದ ಬಾಟಲಿಗಳ ರಾಶಿ ಇದೆ. ಯಾರಾದರೂ ಅದನ್ನು ಹಾಗೆ ತೆಗೆಯಬೇಕು. ಈ ಹಾಲ್‌ನಲ್ಲಿ ಕೂತಿರುವ ಚಿಕ್ಕ ವಯಸ್ಸಿನವರು ಯಾರಾದರೂ ತೆಗೆಯಿರಿ ಅಂತ ಕೇಳಿಕೊಳ್ಳುತ್ತೇನೆ. ನನ್ನ ಮನಸ್ಸು ಮಾತ್ರ ಇಟ್ಟದ್ದರ ಕಡೆಗೇ ಹೋಗುತ್ತದೆ, ಎಸೆದದ್ದರ ಕಡೆಗಲ್ಲ.

2018ರ ಆಗಸ್ಟ್ ಬಗ್ಗೆ ಇಲ್ಲಿ ಕೂತವರಿಗೆ ನಾನು ಹೇಳಬೇಕಾದ್ದು ಏನೂ ಇಲ್ಲ. ಗುಡ್ಡ ಜಾರಿದ್ದು ನಿಮಗೆಲ್ಲ ಗೊತ್ತು. ಆಮೇಲೆ ಸಂಪಾಜೆ ರಸ್ತೆಯ ಬದಿಯಲ್ಲಿ ಮರಳು ಮೂಟೆಗಳನ್ನು ಮೆಟ್ಟಿಲು ಮೆಟ್ಟಿಲಾಗಿ ಪೇರಿಸಿದ್ದನ್ನು ನಾನು ಬಹಳ ದಿನ ತೆಗೆದೆ. ಆದರೆ ಇವತ್ತು ತೋರಿಸುವುದು ಅದನ್ನಲ್ಲ, ಈ ಒಂದನ್ನು.

ಒಂದು ಪರಿಹಾರ ಕೇಂದ್ರ. ಶಾಲೆಯ ಕೋಣೆ. ಬೆಂಚಿನ ಮೇಲೆ ಸ್ಟೀಲ್ ಪಾತ್ರೆಗಳ ಅಡಕಲು. ಕೆಳಗೆ ದೊಡ್ಡ ತಪ್ಪಲೆ, ಅದರ ಮೇಲೆ ಸಣ್ಣದು, ಅದರ ಮೇಲೆ ಇನ್ನೂ ಸಣ್ಣದು, ತುದಿಯಲ್ಲಿ ಒಂದು ಲೋಟ. ಮನೆ ಹೋಗಿತ್ತು. ಮಣ್ಣಿನಿಂದ ಸಿಕ್ಕಿದ್ದು ಇಷ್ಟು. ಆ ಅಮ್ಮ ಒಂದೊಂದನ್ನೂ ತೊಳೆದು, ಒರೆಸಿ, ಅಳತೆ ಪ್ರಕಾರ ಪೇರಿಸಿದ್ದರು. ಅಡುಗೆ ಮನೆ ಇರಲಿಲ್ಲ, ಒಲೆ ಇರಲಿಲ್ಲ. ಪಾತ್ರೆ ಮಾತ್ರ ಇರಬೇಕಾದ ಹಾಗೆ ಇತ್ತು.

ನಾನು ಕ್ಯಾಮೆರಾ ಹೊರಗೆ ತೆಗೆದಿರಲಿಲ್ಲ. ಅಂಥ ಜಾಗದಲ್ಲಿ ತೆಗೆಯುವುದು ನನಗೆ ಆಗುವುದಿಲ್ಲ. ಸುಮ್ಮನೆ ಕೂತು ಮಾತಾಡಿದೆ. ಹೊರಡುವ ಹೊತ್ತಿಗೆ, "ಅಮ್ಮಾ, ಈ ಪಾತ್ರೆ ಇಟ್ಟಿದ್ದೀರಲ್ಲ, ಇದರ ಒಂದು ಫೋಟೋ ತೆಗೀಲಾ? ನಿಮ್ಮದು ಬೇಡ, ಪಾತ್ರೆದು ಮಾತ್ರ" ಅಂತ ಕೇಳಿದೆ. ಅವರು ಒಂದು ಗಳಿಗೆ ನನ್ನ ಮುಖ ನೋಡಿದರು.

"ತಡಿ ಮಗಾ" ಅಂದರು. ಎದ್ದು ಹೋಗಿ ನಡುವಿನ ತಪ್ಪಲೆಯನ್ನು ತಿರುಗಿಸಿದರು. ಅದರ ನಗ್ಗಿದ ಭಾಗ ಗೋಡೆ ಕಡೆ ಹೋಯಿತು. ಹೆಸರು ಕೆತ್ತಿದ ಭಾಗ ಈಚೆ ಬಂತು. ಮದುವೆಗೆ ಯಾರೋ ಕೊಟ್ಟ ಪಾತ್ರೆ, ಹೆಸರು, ತಾರೀಖು, ಚುಕ್ಕಿ ಚುಕ್ಕಿ ಅಕ್ಷರದಲ್ಲಿ. ಸೆರಗಿನಿಂದ ಇನ್ನೊಂದು ಸಲ ಒರೆಸಿದರು. "ಈಗ ತೆಗಿ" ಅಂದರು.

ಆ ಹೆಸರು ಓದಲು ಆಗದ ಹಾಗೆ ಪರದೆಯ ಮೇಲೆ ಮಸುಕು ಮಾಡಿದ್ದೇನೆ. ಅವರ ಕೈಯಲ್ಲಿರುವ ಪ್ರತಿಯಲ್ಲಿ ಅದು ಸ್ಪಷ್ಟವಾಗಿದೆ.

ಇಲ್ಲಿಗೆ ನನ್ನ ಚಿತ್ರಗಳು ಮುಗಿದವು. ಆಮೇಲೆ ನೀವು ಕೇಳಿದ ಪ್ರಶ್ನೆಗಳಲ್ಲಿ ಎರಡನ್ನು ಇಲ್ಲಿ ಬರೆಯುತ್ತೇನೆ.

ಹೈಸ್ಕೂಲಿನ ಹುಡುಗಿಯೊಬ್ಬಳು ಫೋನಿನಲ್ಲಿ ಇಂಥದ್ದು ತೆಗೆಯಬಹುದಾ ಅಂತ ಕೇಳಿದಳು. ಖಂಡಿತ ಆಗುತ್ತದಮ್ಮ. ಫೋನಿನ ಮುಖ್ಯ ಕ್ಯಾಮೆರಾ ಅಗಲದ್ದು. ಅದರಲ್ಲಿ ಹತ್ತಿರ ನಿಂತರೆ ನನಗೆ ಆದ ತಪ್ಪೇ ನಿನಗೂ ಆಗುತ್ತದೆ. ಎರಡು ಪಟ್ಟು ಹತ್ತಿರ ತರುವ ಲೆನ್ಸ್ ಇದ್ದರೆ ಅದನ್ನು ಒತ್ತಿ, ಹಿಂದಕ್ಕೆ ನಡೆ. ಸೆಟ್ಟಿಂಗಿನಲ್ಲಿ ಅಡ್ಡ ಉದ್ದ ಗೆರೆ ಬರುವ ಹಾಗೆ ಮಾಡಿಕೊ. ಅಟ್ಟಿಯ ಅಂಚನ್ನು ಆ ಗೆರೆಗೆ ಹೊಂದಿಸು. ನಿಮ್ಮ ಮನೆ ಹಿಂದಿನ ಸೌದೆ ಒಟ್ಟಿಲಿನಿಂದ ಶುರು ಮಾಡು. ಮೇ ತಿಂಗಳಲ್ಲಿ ತುಂಬಿದಾಗ ಒಂದು, ಆಮೇಲೆ ವಾರಕ್ಕೊಂದು, ಅದೇ ಜಾಗದಲ್ಲಿ ನಿಂತು. ಸೆಪ್ಟೆಂಬರಿಗೆ ಒಟ್ಟಿಲು ಎಷ್ಟು ಇಳಿಯಿತು ಅಂತ ನೋಡು. ಆದರೆ ಮೊದಲು ಒಟ್ಟಿದವರು ಯಾರು ಅಂತ ಕೇಳಿ, ಅವರ ಹತ್ತಿರ ಕಲಿತುಕೊ. ತುದಿಯಲ್ಲಿ ಸೌದೆಯನ್ನು ಯಾಕೆ ಅಡ್ಡ ಉದ್ದ ಇಟ್ಟಿದ್ದಾರೆ ಅಂತ ಕೇಳು. ಅದನ್ನು ಹಾಗೆ ಕಟ್ಟದಿದ್ದರೆ ಇಡೀ ಒಟ್ಟಿಲು ಪಕ್ಕಕ್ಕೆ ಉರುಳುತ್ತದೆ.

ಇನ್ನೊಬ್ಬರು, ಈ ಚಿತ್ರಗಳನ್ನು ಏನು ಮಾಡುತ್ತೀರಿ ಅಂತ ಕೇಳಿದರು.

ಪ್ರಿಂಟ್ ಹಾಕಿಸಿ ಅಟ್ಟಿ ಇಟ್ಟವರಿಗೆ ಕೊಡುತ್ತೇನೆ. ಮೊದಲ ಪ್ರತಿ ಅವರದೇ. ಗೋದಾಮಿನ ಆ ಹಿರಿಯರಿಗೂ ಒಯ್ದು ಕೊಟ್ಟೆ. ಹೋಗುವ ಹೊತ್ತಿಗೆ ಆ ಚೀಲಗಳು ಯಾವ ದೇಶದಲ್ಲಿದ್ದವೋ. ಅವರು ಪ್ರಿಂಟನ್ನು ಬಾಗಿಲ ಬೆಳಕಿಗೆ ಹಿಡಿದರು. ಮೊದಲು ಬಲ ಅಂಚು ನೋಡಿದರು, ನೆಟ್ಟಗಿದೆಯಾ ಅಂತ. ತಲೆ ಆಡಿಸಿದರು. ಆಮೇಲೆ ಕೆಳಗಿನಿಂದ ಬೆರಳಿಟ್ಟು ವರಸೆ ಎಣಿಸಿದರು. ಬಲ ತುದಿಗೆ ಬಂದಾಗ ಬೆರಳು ನಿಂತಿತು. ಕಿವಿಗಳು ತಿರುಗಿದ್ದವಲ್ಲ, ಅಲ್ಲೇ.

"ಇದು ನಾನು ಇಟ್ಟದ್ದಲ್ಲ ಅಕ್ಕಾ. ನನ್ನ ತಮ್ಮನ ಮಗ. ಎಡಗೈಯವನು. ಈಗ ಕೆಲಸಕ್ಕೆ ಕೇರಳಕ್ಕೆ ಹೋಗವ್ನೆ" ಅಂದರು. ಸ್ವಲ್ಪ ಹೊತ್ತು ಅದನ್ನೇ ನೋಡಿದರು. ಆಮೇಲೆ ಇನ್ನೊಂದು ಪ್ರತಿ ಸಿಗುತ್ತದಾ ಅಂತ ಕೇಳಿದರು.